ಎಚ್.ಎಂ.ಎಸ್. ಟೆರರ್ ಅಂದರೆ ಹಡಗೇ ಆಗಬೇಕಿಲ್ಲ

ಮೇಡಂ, ನಿಮ್ಮ ಮಾವನವರ ಟ್ರಂಕಿನಲ್ಲಿ ಸಿಕ್ಕ ಎರಡು ಲಕೋಟೆಗಳ ಫೋಟೊ ನೋಡಿದೆ. ಒಂದರ ಹಿಂದೆ ‘ಎಚ್.ಎಂ.ಎಸ್. ಟೆರರ್, ಸಿಂಗಪುರ’ (ಎಚ್.ಎಂ.ಎಸ್. ಅಂದರೆ ಬ್ರಿಟಿಷ್ ನೌಕಾದಳದ ಹಡಗಿನ ಹೆಸರಿನ ಮುಂದೆ ಹಾಕೋ ಅಕ್ಷರಗಳು), ಇನ್ನೊಂದರಲ್ಲಿ ‘ಮಾಲ್ಟಾ ಕ್ರೆಸೆಂಟ್, ನೇವಲ್ ಬೇಸ್’. ಮೊದಲನೆಯದನ್ನು ಹಡಗಿನ ಅಂಚೆಗೂ ಎರಡನೆಯದನ್ನು ಆಲ್ಬಮ್ಮಿನ ಮಾಲ್ಟಾ ಹಾಳೆಗೂ ಸೇರಿಸಲೇ ಅಂತ ಕೇಳಿದ್ದೀರಿ. ಎರಡೂ ಬೇಡ.

ಟೆರರ್ ಅನ್ನೋ ಹಡಗು ಇದ್ದದ್ದು ನಿಜ. 15 ಇಂಚಿನ ತೋಪುಗಳಿದ್ದ ಅದು 1934ರಿಂದ ಕೆಲವು ವರ್ಷ ಸಿಂಗಪುರದಲ್ಲಿ ಕಾವಲಿಗಿತ್ತು. 1941ರ ಫೆಬ್ರುವರಿಯಲ್ಲಿ ಲಿಬಿಯಾದ ಹತ್ತಿರ ಮುಳುಗಿತು. ಯುದ್ಧ ಮುಗಿದ ಮೇಲೆ ಅದೇ ಹೆಸರು ಸಿಂಗಪುರದ ಉತ್ತರ ತುದಿಯ ಸೆಂಬವಾಂಗ್‌ನಲ್ಲಿದ್ದ ನಾವಿಕರ ವಸತಿಗೆ ಬಂತು. ನೆಲದ ಮೇಲಿನ ಠಾಣೆಗೂ ಹಡಗಿನ ಹೆಸರಿಡೋದು ಬ್ರಿಟಿಷ್ ನೌಕಾದಳದ ರೂಢಿ. ನಿಮ್ಮದರ ಮೇಲಿರೋದು ಆರನೇ ಜಾರ್ಜ್ ದೊರೆಯ ಅಂಚೆಚೀಟಿ, ‘ಮಲಯ’, ‘ಸಿಂಗಪುರ’ ಎರಡೂ ಅಚ್ಚಾಗಿವೆ. ಆ ಸರಣಿ ಬಂದದ್ದು 1948ರಲ್ಲಿ. ಹಾಗಾಗಿ ಅಂಚೆಮುದ್ರೆ ಅಳಿಸಿಹೋಗಿದ್ದರೂ ಇದು ವಸತಿಯಿಂದ ಬಂದ ಕಾಗದವೇ.

ಇನ್ನು ಮಾಲ್ಟಾ. ಮಾಲ್ಟಾ ಕ್ರೆಸೆಂಟ್ ಅನ್ನೋದು ಸೆಂಬವಾಂಗ್‌ನ ಬ್ರಿಟಿಷ್ ನೌಕಾನೆಲೆಯ ಒಂದು ಬೀದಿ, ಮಾಲ್ಟಾ ದ್ವೀಪವಲ್ಲ. ಜೋಹೋರ್ ಜಲಸಂಧಿಯ ದಂಡೆಯಲ್ಲಿ ಕಟ್ಟಿದ ಈ ನೆಲೆಯ ದೊಡ್ಡ ಡ್ರೈ ಡಾಕ್ (ನೀರು ಬರಿದು ಮಾಡಿ ಹಡಗು ರಿಪೇರಿ ಮಾಡೋ ಕಟ್ಟೆ) ತೆರೆದದ್ದು 1938ರ ಫೆಬ್ರುವರಿ 14ಕ್ಕೆ. ಕ್ವಾರ್ಟರ್ಸ್ ಬೀದಿಗಳಿಗೆ ಸಾಮ್ರಾಜ್ಯದ ಊರು, ದ್ವೀಪಗಳ ಹೆಸರು: ಒಟ್ಟಾವ, ಡರ್ಬನ್, ಆಕ್ಲೆಂಡ್, ವೆಲ್ಲಿಂಗ್ಟನ್, ಮಾಲ್ಟಾ, ಜಿಬ್ರಾಲ್ಟರ್. ಕೊನೆಯ ಎರಡೂ ಸ್ವತಃ ಬ್ರಿಟಿಷ್ ನೌಕಾನೆಲೆಗಳಾಗಿದ್ದರಿಂದ ಎಂಥವರೂ ಎಡವುತ್ತಾರೆ. ನಾನೂ ಒಂದು ಜಿಬ್ರಾಲ್ಟರ್ ಕ್ರೆಸೆಂಟ್ ಲಕೋಟೆಯನ್ನು ಎರಡು ವರ್ಷ ಸ್ಪೇನ್ ಹಾಳೆಯ ಪಕ್ಕದಲ್ಲೇ ಇಟ್ಟುಕೊಂಡಿದ್ದೆ!

ಒಂದು ಎಚ್ಚರಿಕೆ. ಈ ನೆಲೆಗೆ ಬಂದ ಅತಿಥಿಗಳಲ್ಲಿ ಹೆಸರುವಾಸಿ ‘ಪ್ರಿನ್ಸ್ ಆಫ್ ವೇಲ್ಸ್’, ‘ರಿಪಲ್ಸ್’ ಯುದ್ಧನೌಕೆಗಳು. ಬಂದದ್ದು 1941ರ ಡಿಸೆಂಬರ್ 2. 8ರ ಸಂಜೆ ಹೊರಟು 10ಕ್ಕೆ ಜಪಾನಿ ವಿಮಾನಗಳ ದಾಳಿಗೆ ಮುಳುಗಿದವು. ಆ ಹಡಗುಗಳಿಂದ ಬರೆದ ಕಾಗದ ಅಂತ ಯಾರಾದರೂ ದುಬಾರಿ ಬೆಲೆ ಹೇಳಿದರೆ ದುಡ್ಡು ತೆಗೆಯೋ ಮೊದಲು ತಾರೀಖನ್ನು ಭೂತಗನ್ನಡಿಯಲ್ಲಿ ನೋಡಿ.

ಚೀಟಿಯನ್ನು ನೆನೆಸಿ ಬಿಡಿಸಲೇಬೇಡಿ. ವಿಳಾಸ ಹೋದರೆ ಕಥೆಯೇ ಹೋಯಿತು. ಎರಡನ್ನೂ ‘ಸಿಂಗಪುರ: ಸೆಂಬವಾಂಗ್’ ಅಂತ ಒಂದೇ ಹಾಳೆಗೆ ಹಾಕಿ. ಡಾಕ್‌ಯಾರ್ಡ್ 1968ರಲ್ಲೇ ಸಿಂಗಪುರ ಸರ್ಕಾರಕ್ಕೆ ಹೋಯಿತು, ಬೀದಿ ಹೆಸರುಗಳು ಮಾತ್ರ ಉಳಿದಿವೆ. ಮಗಳು ಅಲ್ಲೇ ಇದ್ದಾಳೆ ಅಂದಿರಲ್ಲ, ಮಾಲ್ಟಾ ಕ್ರೆಸೆಂಟ್ ಫಲಕದ್ದೊಂದು ಫೋಟೊ ತೆಗೆಸಿ ಲಕೋಟೆ ಪಕ್ಕ ಅಂಟಿಸಿ. ಹಡಗುಕಟ್ಟೆಯ ಗೇಟಿನ ಕಡೆ ಮಾತ್ರ ಕ್ಯಾಮೆರಾ ತಿರುಗಿಸಬೇಡ ಅನ್ನಿ.