ಇನ್ನೊಬ್ಬರ ಸುದ್ದಿಗೆ ಕಿವಿ ನಿಮಿರಿದರೆ ತಪ್ಪೇ?

ಎದುರಿಗಿಲ್ಲದವರ ಮಾತೆತ್ತುವುದಿಲ್ಲ ಎಂದು ಪಣ ತೊಟ್ಟಿದ್ದಿರಿ. ಸಹೋದ್ಯೋಗಿಯ ವಿಚ್ಛೇದನದ ಸುದ್ದಿ ಬಂದ ದಿನವೇ ಅದು ಮುರಿಯಿತು, ಈಗ ನಿಮ್ಮ ಮೇಲೆ ನಿಮಗೇ ಹೇಸಿಗೆ ಎಂದು ಬರೆದಿದ್ದೀರಿ. ಹೇಸಿಗೆ ಬೇಡ. ಅಂಥ ಪಣವನ್ನು ಯಾರಿಂದಲೂ ಉಳಿಸಿಕೊಳ್ಳಲಾಗದು. ಅಮೆರಿಕದ ಮನಶ್ಶಾಸ್ತ್ರ ಸಂಶೋಧಕರಾದ ಮೇಗನ್ ರಾಬಿನ್ಸ್ ಮತ್ತು ಅಲೆಕ್ಸಾಂಡರ್ ಕರನ್ 467 ಜನರ ದಿನನಿತ್ಯದ ಮಾತಿನ ತುಣುಕುಗಳನ್ನು ಧ್ವನಿಮುದ್ರಣದಿಂದ ಪರಿಶೀಲಿಸಿ 2019ರಲ್ಲಿ ಪ್ರಕಟಿಸಿದರು: ಅಲ್ಲಿಲ್ಲದವರ ಬಗೆಗಿನ ಮಾತು ದಿನಕ್ಕೆ ಸರಾಸರಿ 52 ನಿಮಿಷ. ಅದರಲ್ಲಿ ಸುಮಾರು ಮುಕ್ಕಾಲು ಪಾಲು ಹೊಗಳಿಕೆಯೂ ಅಲ್ಲ, ತೆಗಳಿಕೆಯೂ ಅಲ್ಲ.

ನಿಮ್ಮನ್ನು ಕಾಡಿದ ತವಕಕ್ಕೂ ಕಾರಣವಿದೆ. ಗೊತ್ತಿರುವುದಕ್ಕೂ ಗೊತ್ತಾಗಬೇಕಾದ್ದಕ್ಕೂ ನಡುವಿನ ಅಂತರವೇ ಕುತೂಹಲ ಎಂದು ಮನುಷ್ಯರ ವರ್ತನೆಯನ್ನು ಅಧ್ಯಯನ ಮಾಡುವ ಅರ್ಥಶಾಸ್ತ್ರಜ್ಞ ಜಾರ್ಜ್ ಲೋವೆನ್‌ಸ್ಟೈನ್ 1994ರಲ್ಲಿ ವಿವರಿಸಿದರು. ಏನೂ ಕೇಳದಿದ್ದರೆ ಸುಮ್ಮನಿರುತ್ತಿದ್ದಿರಿ. ಅರ್ಧ ಕೇಳಿದ್ದೇ ಪೀಡೆಯಾಯಿತು.

ಕೆಡುವುದು ಮಾತು ದಾಟುವಾಗ. ಐದಾರು ಬಾಯಿ ದಾಟುವಷ್ಟರಲ್ಲಿ ಶೇ 70ರಷ್ಟು ವಿವರ ಉದುರಿಹೋಗುವುದನ್ನು ಮನಶ್ಶಾಸ್ತ್ರಜ್ಞರಾದ ಆಲ್‌ಪೋರ್ಟ್ ಮತ್ತು ಪೋಸ್ಟ್‌ಮನ್ 1947ರಲ್ಲೇ ದಾಖಲಿಸಿದ್ದಾರೆ. ಉಳಿದದ್ದು ಇನ್ನಷ್ಟು ಚೂಪಾಗುತ್ತದೆ. ಆದ್ದರಿಂದ ಹೇಳಲೇಬೇಕಾದಾಗ ಕಂಡದ್ದೋ ಕೇಳಿದ್ದೋ ಎಂಬುದನ್ನು ಮೊದಲೇ ಹೇಳಿಬಿಡಿ. ಗುಣಕ್ಕೆ ಹೆಸರಿಡದೆ ಕೆಲಸವನ್ನು ಹೇಳಿ: ‘ಮೋಸಗಾರ’ ಎನ್ನುವ ಬದಲು ‘ಸಾಲ ತೀರಿಸುವ ದಿನವನ್ನು ಎರಡು ಸಲ ಮುಂದೂಡಿದ’ ಎನ್ನಿ. ಆ ವ್ಯಕ್ತಿಯೊಡನೆ ವ್ಯವಹರಿಸಬೇಕಾದವರಿಗೆ ಇದು ನಿಜಕ್ಕೂ ಉಪಕಾರ. ಹೇಳದಿರುವುದೇ ಕೆಲವೊಮ್ಮೆ ಅನ್ಯಾಯ. ಬೈಗುಳಕ್ಕೆ ಇನ್ನೊಂದು ಅಪಾಯವೂ ಇದೆ. ನೀವು ಇನ್ನೊಬ್ಬರಿಗೆ ಅಂಟಿಸಿದ ಗುಣವನ್ನು ಕೇಳುಗರು ತಮಗೆ ಅರಿವಿಲ್ಲದೆ ನಿಮಗೇ ಅಂಟಿಸುತ್ತಾರೆಂದು 1998ರ ಪ್ರಯೋಗಗಳು ತೋರಿಸಿವೆ.

ಗುಂಪಿನಲ್ಲಿ ಯಾರದೋ ನಿಂದೆ ಶುರುವಾದರೆ? ಇಲ್ಲಿ ಹೊತ್ತು ಮುಖ್ಯ. ಹದಿಹರೆಯದವರ ಹರಟೆಯನ್ನು ಗಮನಿಸಿದ ಡೋನಾ ಈಡರ್ ಮತ್ತು ಜಾನೆಟ್ ಎಂಕೆ 1991ರಲ್ಲಿ ಕಂಡದ್ದು ಇದು: ಮೊದಲ ನಿಂದೆಯ ಬೆನ್ನಿಗೇ ಒಬ್ಬರು ತಕರಾರು ತೆಗೆದರೆ ಮಾತು ತಿರುಗುತ್ತದೆ, ಇನ್ನೊಬ್ಬರು ‘ಹೌದು’ ಅಂದರೆಂದರೆ ತಿರುಗಿಸುವುದು ಬಲು ಕಷ್ಟ. ದೊಡ್ಡವರ ನಡುವೆಯೂ ಇದನ್ನು ಪ್ರಯತ್ನಿಸಬಹುದು. ಉಪದೇಶ ಬೇಕಿಲ್ಲ. ‘ಇದು ನಿಮಗೆ ಹೇಗೆ ಗೊತ್ತಾಯಿತು?’ ಎಂದು ಮೆಲ್ಲಗೆ, ಆದರೆ ತಕ್ಷಣ ಕೇಳಿ. ಎರಡನೇ ದನಿಗೆ ಕಾಯಬೇಡಿ.

ವಿಚ್ಛೇದನದ ವಿಷಯಕ್ಕೆ ಬಂದರೆ, ಕಾಯಿಲೆ, ದಾಂಪತ್ಯ, ಕೆಲಸ ಕಳೆದುಕೊಂಡದ್ದು ಇವೆಲ್ಲ ಆಯಾ ವ್ಯಕ್ತಿಯೇ ಹೇಳಿಕೊಳ್ಳಬೇಕಾದವು. ನಿಮ್ಮ ಸಹೋದ್ಯೋಗಿ ತಾನಾಗಿ ಹೇಳಿದರೆ ಕೇಳಿ. ‘ಬೇರೆಯವರಿಗೆ ತಿಳಿದರೆ ಪರವಾಗಿಲ್ಲವೇ?’ ಎಂದು ಅಲ್ಲೇ ವಿಚಾರಿಸಿ, ಉತ್ತರ ಬರುವವರೆಗೆ ಯಾರ ಬಳಿಯೂ ಬಾಯಿ ಬಿಡಬೇಡಿ.