ಮೀನು ಆಮೇಲೆ, ಮೊದಲು ಬಾಗಿಲು ನೋಡಿ

ಪ್ರಶ್ನೆ: ಸ್ಕೂಬಾದಲ್ಲಿ ಅಡ್ವಾನ್ಸ್ಡ್ ಕೋರ್ಸ್ ಮುಗಿಸಿದ್ದೇನೆ, ಸುಮಾರು 30 ಡೈವ್ ಆಗಿವೆ. ಗೆಳೆಯರು ಈಜಿಪ್ಟಿನ ಕೆಂಪು ಸಮುದ್ರಕ್ಕೆ ಒಂದು ವಾರದ ಲಿವ್‌ಅಬೋರ್ಡ್ ಪ್ರವಾಸಕ್ಕೆ ಕರೆಯುತ್ತಿದ್ದಾರೆ. ಹಡಗಿನಲ್ಲೇ ಊಟ, ಅಲ್ಲೇ ನಿದ್ದೆ, ಅಲ್ಲಿಂದಲೇ ಡೈವ್. ನೋಡಿದ ಹಡಗುಗಳ ಫೋಟೋ ಎಲ್ಲವೂ ಚೆನ್ನಾಗಿಯೇ ಇವೆ. ಯಾವುದು ಸುರಕ್ಷಿತ ಅಂತ ತಿಳಿಯುವುದು ಹೇಗೆ?

ಉತ್ತರ: ಫೋಟೋ ಪಕ್ಕಕ್ಕಿಡಿ. ಮಹಡಿ ಮೇಲೆ ಬಿಸಿನೀರಿನ ತೊಟ್ಟಿ ಇದ್ದರೆ ಬೇಡ ಅನ್ನುವುದಿಲ್ಲ, ಆದರೆ ನಾನಾಗಿದ್ದರೆ ಮೊದಲು ಕೇಳುವುದು ಇದನ್ನು: ರಾತ್ರಿ ಎಲ್ಲರೂ ಮಲಗಿದ ಮೇಲೆ ಹಡಗಿನಲ್ಲಿ ಎಚ್ಚರವಾಗಿದ್ದು ಓಡಾಡುವವರು ಯಾರು?

ಡೈವಿಂಗಿಗೂ ಇದಕ್ಕೂ ಏನು ಸಂಬಂಧ ಅನ್ನಿಸಬಹುದು. 2019ರ ಸೆಪ್ಟೆಂಬರ್ 2ರ ನಸುಕಿನಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಕ್ರೂಜ್ ದ್ವೀಪದ ಬಳಿ ಲಂಗರು ಹಾಕಿದ್ದ ಕನ್ಸೆಪ್ಷನ್ ಎಂಬ ಡೈವ್ ದೋಣಿಗೆ ಬೆಂಕಿ ಬಿತ್ತು. ಕೆಳಗಿನ ಅಂತಸ್ತಿನಲ್ಲಿ ಮಲಗಿದ್ದ 34 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಹೊರಗೆ ಬರಲು ಎರಡು ದಾರಿ ಇದ್ದವು, ಒಂದು ಮೆಟ್ಟಿಲು, ಇನ್ನೊಂದು ಮಂಚದ ಮೇಲ್ಗಡೆಯ ಕಿಂಡಿ. ಆದರೆ ಎರಡೂ ಹೋಗಿ ಸೇರುತ್ತಿದ್ದದ್ದು ಮೇಲಿನ ಒಂದೇ ಹಾಲ್‌ಗೆ, ಉರಿಯುತ್ತಿದ್ದದ್ದೂ ಅದೇ ಹಾಲ್. ರಾತ್ರಿ ಗಸ್ತು ಇರಲೇ ಇಲ್ಲ. ಕ್ಯಾಪ್ಟನ್‌ಗೆ 2024ರಲ್ಲಿ ನಾಲ್ಕು ವರ್ಷ ಜೈಲಾಯಿತು.

ಅದಕ್ಕೇ ಹೇಳುವುದು, ಬುಕ್ ಮಾಡುವ ಮುಂಚೆ ಮೇಲ್ ಬರೆದು ಕೇಳಿ. ಕ್ಯಾಬಿನ್‌ನಿಂದ ಎರಡು ದಾರಿ ಇವೆಯೇ, ಅವು ಬೇರೆ ಬೇರೆ ಕಡೆ ತೆರೆದುಕೊಳ್ಳುತ್ತವೆಯೇ? ಹೊಗೆ ಅಲಾರಂ ಎಲ್ಲೆಲ್ಲಿದೆ? ಕ್ಯಾಮೆರಾ, ಟಾರ್ಚ್ ಬ್ಯಾಟರಿಗಳನ್ನು ಎಲ್ಲಿ ಚಾರ್ಜ್ ಮಾಡಬೇಕು? ಲಿಥಿಯಂ ಬ್ಯಾಟರಿಗೆ ಬೆಂಕಿ ಹತ್ತಿದರೆ ಆರಿಸುವುದು ಕಷ್ಟ, ಹಾಗಾಗಿ "ರಾತ್ರಿ ಕ್ಯಾಬಿನ್‌ನಲ್ಲಿ ಚಾರ್ಜ್ ಹಾಕುವಂತಿಲ್ಲ" ಅಂತ ಗದರುವ ಹಡಗು ಸಿಕ್ಕರೆ ಖುಷಿಪಡಿ. "ಚಿಂತೆ ಮಾಡಬೇಡಿ, ನಮ್ಮಲ್ಲಿ ಎಲ್ಲ ವ್ಯವಸ್ಥೆ ಇದೆ" ಅಂತ ಒಂದೇ ಸಾಲಿನ ಉತ್ತರ ಬಂದರೆ ಬೇರೆ ಹಡಗು ಹುಡುಕಿ.

ಹಡಗು ಹತ್ತಿದ ದಿನ ಬ್ಯಾಗ್ ಬಿಚ್ಚುವ ಮುಂಚೆಯೇ ತುರ್ತು ಕಿಂಡಿ ಎಲ್ಲಿದೆ ನೋಡಿ. ಬರೀ ನೋಡಿದರೆ ಸಾಲದು, ಚಿಲಕ ತಿರುಗಿಸಿ ತೆರೆಯಿರಿ. ಕೆಲವು ಕಡೆ ಅದರ ಮೇಲೆ ಕುರ್ಚಿಯೋ ಹಾಸಿಗೆಯೋ ಪೇರಿಸಿರುತ್ತಾರೆ, ಇನ್ನು ಕೆಲವು ಕಡೆ ಬೀಗವೇ ಹಾಕಿರುತ್ತಾರೆ. ಆಮೇಲೆ ದೀಪ ಆರಿಸಿ, ಕಣ್ಣು ಮುಚ್ಚಿ, ಗೋಡೆ ತಡವಿಕೊಂಡು ಡೆಕ್‌ವರೆಗೆ ಒಮ್ಮೆ ನಡೆದು ನೋಡಿ. ಜೊತೆಗಿರುವವರು ನಗಬಹುದು, ನಗಲಿ ಬಿಡಿ. ಲೈಫ್ ಜಾಕೆಟ್ ಒಂದು ಸಲ ಹಾಕಿ ನೋಡಿ, ಪಟ್ಟಿ ಕಟ್ಟಲು ಬರುತ್ತದೆಯೇ ಅಂತ.

ಇನ್ನು ಹವಾಮಾನ. 2024ರ ನವೆಂಬರ್ 25ರಂದು ಈಜಿಪ್ಟಿನದೇ ಕೆಂಪು ಸಮುದ್ರದಲ್ಲಿ, ಮಾರ್ಸಾ ಆಲಂ ಊರಿನ ಕಡೆ ಸೀ ಸ್ಟೋರಿ ಎಂಬ ಹಡಗು ನಸುಕಿನಲ್ಲೇ ಮಗುಚಿ ಮುಳುಗಿತು. ನಾಲ್ವರ ಶವ ಸಿಕ್ಕಿತು, ಏಳು ಜನ ಸಿಗಲೇ ಇಲ್ಲ. ಬದುಕಿದವರಲ್ಲಿ ಕೆಲವರು ಒಂದು ದಿನಕ್ಕೂ ಜಾಸ್ತಿ ಹೊತ್ತು ಒಳಗೇ ಸಿಕ್ಕಿಹಾಕಿಕೊಂಡಿದ್ದರು. ಒಂದು ಹಡಗು ಅಲೆಯಲ್ಲಿ ಎಷ್ಟು ಗಟ್ಟಿಯಾಗಿ ನಿಲ್ಲುತ್ತದೆ ಅಂತ ನಾವು ನೀವು ಕಣ್ಣಳತೆಯಲ್ಲಿ ಹೇಳಲಾಗದು. ಹಾಗಾಗಿ ಸ್ವತಂತ್ರ ತಪಾಸಣೆಯ ಪ್ರಮಾಣಪತ್ರ ಇದೆಯೇ, ಯಾವ ವರ್ಷದ್ದು ಅಂತ ಕೇಳಲೇಬೇಕು. ವಿಮರ್ಶೆಗಳನ್ನು ಓದುವಾಗ ಊಟದ ಹೊಗಳಿಕೆ ಬಿಟ್ಟು, "ಗಾಳಿ ಜಾಸ್ತಿ ಅಂತ ಕ್ಯಾಪ್ಟನ್ ಹೊರಡಲೇ ಇಲ್ಲ, ದುಡ್ಡು ದಂಡ" ಅಂತ ಯಾರಾದರೂ ಬೈದಿದ್ದಾರಾ ಹುಡುಕಿ. ನನ್ನ ಲೆಕ್ಕದಲ್ಲಿ ಅದು ಒಳ್ಳೆಯ ಹಡಗು.

ಕೊನೆಗೆ ನಿಮ್ಮ 30 ಡೈವ್ ವಿಷಯ. ಸುತ್ತಿಗೆ ತಲೆಯ ಶಾರ್ಕ್ ನೋಡಲು ಎಲ್ಲರೂ ಬಯಸುವ, ಕೆಂಪು ಸಮುದ್ರದ ಬ್ರದರ್ಸ್ ದ್ವೀಪಗಳು, ಡೇಡಲಸ್ ಹವಳದಿಬ್ಬದ ಕಡೆ ಹೋಗಲು ಕನಿಷ್ಠ 50 ಡೈವ್ ಆಗಿರಬೇಕೆಂಬ ನಿಯಮ ಅಲ್ಲಿದೆ. ನಡುಸಮುದ್ರ, ಸೆಳೆತ ಜೋರು. ನಿಯಮ ಸುಮ್ನೆ ಮಾಡಿದ್ದಲ್ಲ. "ಪರವಾಗಿಲ್ಲ ಬನ್ನಿ, ನೋಡಿಕೊಳ್ಳೋಣ" ಅನ್ನುವ ಹಡಗು ಬೇರೆ ಯಾವ ನಿಯಮವನ್ನು ಹೀಗೇ ನೋಡಿಕೊಳ್ಳುತ್ತಿದೆಯೋ! ಈ ಸಲ ಉತ್ತರದ ದಾರಿ ಹಿಡಿಯಿರಿ. ರಾಸ್ ಮೊಹಮ್ಮದ್ ಹವಳಗಳಿವೆ. 1941ರಲ್ಲಿ ಜರ್ಮನ್ ಬಾಂಬಿಗೆ ಮುಳುಗಿದ ಥಿಸಲ್‌ಗಾರ್ಮ್ ಹಡಗು ಸುಮಾರು 30 ಮೀಟರ್ ಆಳದಲ್ಲಿದೆ, ಹೊಟ್ಟೆಯೊಳಗೆ ಮೋಟಾರ್ ಸೈಕಲ್‌ಗಳು ಇನ್ನೂ ಸಾಲಾಗಿ ನಿಂತಿವೆ. ಶಾರ್ಕ್ ಎಲ್ಲಿಗೂ ಹೋಗುವುದಿಲ್ಲ.

ಪ್ರಶ್ನೆ: ದಿನಕ್ಕೆ ನಾಲ್ಕು ಡೈವ್, ಅದೂ ಆರು ದಿನ! ದುಡ್ಡು ಕೊಟ್ಟಿದ್ದೇವೆ ಅಂತ ಎಲ್ಲವನ್ನೂ ಮಾಡಬೇಕಾ?

ಉತ್ತರ: ಖಂಡಿತ ಬೇಡ. ಪ್ರತಿ ಡೈವ್‌ನಲ್ಲೂ ಮೈಯಲ್ಲಿ ನೈಟ್ರೋಜನ್ ಸೇರುತ್ತದೆ, ಮೇಲೆ ಬಂದ ಮೇಲೆ ನಿಧಾನವಾಗಿ ಹೋಗುತ್ತದೆ. ಪೂರ್ತಿ ಹೋಗುವ ಮುಂಚೆಯೇ ಮತ್ತೆ ಇಳಿದರೆ ಅದು ದಿನದಿಂದ ದಿನಕ್ಕೆ ಉಳಿದುಕೊಳ್ಳುತ್ತದೆ, ಜಾಸ್ತಿಯಾದರೆ ಮೈಯೊಳಗೆ ಗುಳ್ಳೆಯಾಗಿ ಅಪಾಯ. ಜೊತೆಗೆ ದಣಿವು, ಬಿಸಿಲು, ನೀರು ಕುಡಿಯದೇ ಇರುವುದು. ಮೂರನೇ ದಿನವೋ ನಾಲ್ಕನೇ ದಿನವೋ ಮಧ್ಯಾಹ್ನದ ಡೈವ್ ಬಿಟ್ಟು ನಿದ್ದೆ ಹೊಡೆಯಿರಿ. ನೈಟ್ರಾಕ್ಸ್ (ಆಕ್ಸಿಜನ್ ಜಾಸ್ತಿ, ನೈಟ್ರೋಜನ್ ಕಡಿಮೆ ಇರುವ ಗಾಳಿ) ಕೋರ್ಸ್ ಮಾಡಿಕೊಂಡು ಹೋದರೆ ಇಂಥ ಪ್ರವಾಸದಲ್ಲಿ ನಿಜಕ್ಕೂ ಉಪಯೋಗ, ಆದರೆ 32 ಶೇಕಡಾ ಆಕ್ಸಿಜನ್ ಮಿಶ್ರಣದಲ್ಲಿ ಸುಮಾರು 33 ಮೀಟರ್‌ಗಿಂತ ಕೆಳಗೆ ಇಳಿಯುವಂತಿಲ್ಲ, ಸಿಲಿಂಡರ್‌ನ ಗಾಳಿಯನ್ನು ಪ್ರತಿ ಸಲ ನೀವೇ ಅಳೆದು ನೋಡಬೇಕು. ಮನೆಗೆ ಹೋಗುವ ವಿಮಾನಕ್ಕೂ ಕೊನೆಯ ಡೈವಿಗೂ ಕನಿಷ್ಠ 18 ಗಂಟೆ ಅಂತರ ಇರಲಿ, 24 ಆದರೆ ಇನ್ನೂ ಒಳ್ಳೆಯದು.

ಇನ್ನೊಂದು ಮಾತು, ತಲೆ ಎಣಿಸುವುದು. 1998ರಲ್ಲಿ ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ ಅಮೆರಿಕದ ದಂಪತಿಯನ್ನು ಸಮುದ್ರದಲ್ಲೇ ಬಿಟ್ಟು ದೋಣಿ ವಾಪಸ್ ಬಂತು, ಎರಡು ದಿನ ಯಾರಿಗೂ ಗೊತ್ತೇ ಆಗಲಿಲ್ಲ. ನಿಮ್ಮ ಹಡಗಿನಲ್ಲಿ ಹೆಸರು ಕೂಗಿ ಗುರುತು ಹಾಕುತ್ತಾರಾ ಅಥವಾ ಸುಮ್ನೆ ಕಣ್ಣಾಡಿಸಿ "ಎಲ್ಲ ಬಂದ್ರು" ಅನ್ನುತ್ತಾರಾ, ಮೊದಲ ದಿನವೇ ಗಮನಿಸಿ. ನೀರಿನ ಮೇಲೆ ಉಬ್ಬಿಸಿ ನಿಲ್ಲಿಸುವ ಕೇಸರಿ ಬಣ್ಣದ ಉದ್ದನೆಯ ಬಲೂನು ಮತ್ತು ಸೀಟಿ ನಿಮ್ಮದೇ ಇರಲಿ.

ಪ್ರಶ್ನೆ: ನನಗೆ ಬಸ್ಸಿನಲ್ಲೇ ವಾಂತಿ ಬರುತ್ತದೆ. ಹಡಗಿನಲ್ಲಿ ವಾರ ಕಳೆಯಲು ಆಗುತ್ತದಾ?

ಉತ್ತರ: ಎಷ್ಟೋ ಜನ ಕಳೆಯುತ್ತಾರೆ. ಡಾಕ್ಟರನ್ನು ಕೇಳಿ ಮಾತ್ರೆ ತಗೊಳ್ಳಿ, ಡೈವ್ ಮಾಡುತ್ತೇನೆ ಅಂತಲೂ ಹೇಳಿ, ಏಕೆಂದರೆ ಕೆಲವು ಮಾತ್ರೆಗಳಿಂದ ತೂಕಡಿಕೆ ಬರುತ್ತದೆ. ಅದನ್ನು ನೆಲದ ಮೇಲಿರುವಾಗಲೇ ಒಮ್ಮೆ ನುಂಗಿ ನೋಡಿ. ಹಡಗು ಅಲುಗಾಡಲು ಶುರುವಾದ ಮೇಲೆ ನುಂಗಿದರೆ ತಡವಾಯಿತು ಅಂತಲೇ ಲೆಕ್ಕ. ಕೆಳಗಿನ ಅಂತಸ್ತಿನ ನಡುವಿನ ಕ್ಯಾಬಿನ್ ಕಡಿಮೆ ತೂಗಾಡುತ್ತದೆ, ಆದರೆ ಅದನ್ನು ಕೇಳುವ ಮುಂಚೆ ಮೇಲಿನ ಮೊದಲ ಉತ್ತರ ಇನ್ನೊಮ್ಮೆ ಓದಿ. ನೀರಿನೊಳಗೆ ವಾಂತಿ ಬಂದರೆ ಗಾಬರಿಯಾಗಿ ಬಾಯಲ್ಲಿರುವ ಉಸಿರಾಟದ ರೆಗ್ಯುಲೇಟರ್ ಕೀಳಬೇಡಿ, ಕೈಯಿಂದ ಒತ್ತಿ ಹಿಡಿದು ಅದರೊಳಗೇ ಮಾಡಿ, ಅದರ ಮುಂದಿರುವ ಪರ್ಜ್ ಬಟನ್ (ಗಾಳಿ ರಭಸದಿಂದ ಬಿಡುವ ಗುಂಡಿ) ಒತ್ತಿದರೆ ಎಲ್ಲ ಹೊರಗೆ ಹೋಗುತ್ತದೆ. ಅಸಹ್ಯ ನಿಜ, ಮೀನುಗಳಿಗೆ ಮಾತ್ರ ಹಬ್ಬ.