ಅಪ್ಪನಿಗೆ ಗೊತ್ತಿಲ್ಲದ್ದು ಯಾವುದೂ ಇಲ್ಲ

(ಗುರುತು ಸಿಗದಂತೆ ಕೆಲವು ವಿವರ ಬದಲಿಸಿದೆ.)

ಆಪ್ತಸಲಹೆಗೆಂದು ನನ್ನ ಹತ್ತಿರ ಬಂದವರು ಕಾಸರಗೋಡಿನ ಬದಿಯಡ್ಕದ ಕಡೆಯ ಅಡಿಕೆ ಕೃಷಿಕ. ವಯಸ್ಸು ಮೂವತ್ತೈದರ ಆಸುಪಾಸು. "ಅಪ್ಪನಿಗೆ ಗೊತ್ತಿಲ್ಲದ್ದು ಯಾವುದೂ ಇಲ್ಲ ಮೇಡಂ, ಅದೇ ಕಷ್ಟ" ಎಂದರು.

ಜಗಳ ಹತ್ತಿದ್ದು ಅಡಿಕೆಗೆ ಬಿಡುವ ಬೋರ್ಡೋ ಮದ್ದಿನಿಂದ. ಕೊಳೆರೋಗಕ್ಕೆ ಬಿಡುವ ಶೇ. 1ರ ಮದ್ದಿಗೆ 100 ಲೀಟರ್ ನೀರು, 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ. ಅಪ್ಪ ಕೆಲಸದವರ ಮುಂದೆಯೇ, "ಇವನಿಗೇನು ಗೊತ್ತು, ತುತ್ತು ಜಾಸ್ತಿ ಹಾಕಿ" ಎಂದರಂತೆ. ಅದಾದರೂ ತೋಟದ ಮಾತು. ಅಮ್ಮನ ಬಿಪಿ ಮಾತ್ರೆಯನ್ನೂ "ಇನ್ನು ಬೇಡ" ಎಂದು ನಿಲ್ಲಿಸಿದ್ದಾರೆ ಎಂದಾಗ ನನಗೆ ಗಾಬರಿಯಾಯಿತು.

ಮೊದಲಿನಿಂದಲೂ ಹೀಗೆಯೇ ಎಂದು ಕೇಳಿದೆ. ವಯಸ್ಸಾದವರ ಸ್ವಭಾವ ಒಮ್ಮೆಲೇ ಬದಲಾದರೆ ಮೊದಲು ಹೋಗಬೇಕಾದ್ದು ಡಾಕ್ಟರ ಹತ್ತಿರ, ನನ್ನ ಹತ್ತಿರ ಅಲ್ಲ. ಇಲ್ಲಿ ಹಾಗಿರಲಿಲ್ಲ.

1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿತು. ಬರಬರುತ್ತ ಕಚೇರಿಯ ಕಾಗದಗಳಲ್ಲಿ ಮಲಯಾಳವೇ ಜಾಸ್ತಿಯಾಯಿತು. ಕನ್ನಡ ಮಾತ್ರ ಓದಬಲ್ಲ ನೆರೆಕರೆಯವರಿಗೆಲ್ಲ ಅರ್ಜಿ ತುಂಬಿ ಕೊಡುತ್ತಿದ್ದವರು ಈ ಅಪ್ಪ. ರೇಷನ್ ಕಾರ್ಡಾಗಲಿ, ಭೂತೆರಿಗೆಯಾಗಲಿ, "ಅಣ್ಣನ ಹತ್ತಿರ ಕೇಳುವಾ" ಎನ್ನುತ್ತಿದ್ದರು. ಈಗ ಅದೆಲ್ಲ ಸರ್ಕಾರಿ ಅರ್ಜಿಗಳನ್ನು ಆನ್‌ಲೈನಿನಲ್ಲಿ ತುಂಬಿಕೊಡುವ ಅಕ್ಷಯ ಕೇಂದ್ರದಲ್ಲಿ ಆಗುತ್ತದೆ. ಕೇಳುವವರು ನಿಂತರು, ಇವರು ಹೇಳುವುದು ನಿಲ್ಲಲಿಲ್ಲ.

ಮಾತ್ರೆಯ ವಿಷಯದಲ್ಲಿ ರಾಜಿ ಬೇಡ ಎಂದೆ. ಇವತ್ತೇ ಅಮ್ಮನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ, ಮುಂದೆ ಮಾತ್ರೆ ಅಮ್ಮನ ಕೈಯಲ್ಲೇ ಇರಲಿ. ಉಳಿದದ್ದಕ್ಕೆ ನಾಲ್ಕು ಜನರ ಮುಂದೆ ವಾದ ಬೇಡ. "ಅದು ತಪ್ಪು" ಅನ್ನುವ ಬದಲು, "ಹೇಗಪ್ಪ, ಸ್ವಲ್ಪ ಬಿಡಿಸಿ ಹೇಳಿ" ಎಂದು ಕೇಳಿ. ಜಿಪ್‌ನಂಥ ದಿನಬಳಕೆಯ ವಸ್ತು ಹೇಗೆ ಕೆಲಸ ಮಾಡುತ್ತದೆ ಎಂದು ವಿವರಿಸಲು ಹೊರಟವರು, ತಮಗೆ ಗೊತ್ತಿರುವುದು ಅಂದುಕೊಂಡದ್ದಕ್ಕಿಂತ ಕಡಿಮೆ ಎಂದು ತಾವೇ ಒಪ್ಪಿಕೊಂಡದ್ದನ್ನು ಮನೋವಿಜ್ಞಾನಿಗಳಾದ ರೋಜೆನ್‌ಬ್ಲಿಟ್ ಮತ್ತು ಕೀಲ್ 2002ರಲ್ಲೇ ತೋರಿಸಿದ್ದಾರೆ. ಆದರೆ ದನಿಯಲ್ಲಿ ಕುಹಕ ಇದ್ದರೆ ಕೆಲಸ ಕೆಟ್ಟಿತು.

ಬೋರ್ಡೋಗಂತೂ ಮಾತೇ ಬೇಡ. ಹೊಳೆಯುವ ಕಬ್ಬಿಣದ ಕತ್ತಿ ಅದ್ದಿ ನೋಡಿದರೆ ಸಾಕು, ಕೆಂಪು ಹಿಡಿದರೆ ಸುಣ್ಣ ಸಾಲದು. ಅಪ್ಪನ ಕೈಯಲ್ಲೇ ಅದ್ದಿಸಿ ಎಂದೆ. ಜಾಗದ ಕಾಗದಪತ್ರದ ಕೆಲಸ ಪೂರ್ತಿ ಅವರಿಗೇ ಬಿಡಿ, ಅದು ಅವರಿಗೆ ನಿಜವಾಗಿಯೂ ಗೊತ್ತು.

ಮಗನಿಗೆ ಇದು ಹಿಡಿಸಲಿಲ್ಲ. "ಪುನಃ ಅವರನ್ನೇ ದೊಡ್ಡ ಜನ ಮಾಡುವುದಾ?" ಎಂದರು. ಅಷ್ಟರ ಮಟ್ಟಿಗೆ ಹೌದು ಎಂದೆ.

ಮುಂದಿನ ಸಲ ಬಂದಾಗ ಅಮ್ಮನ ಮಾತ್ರೆ ಮತ್ತೆ ಶುರುವಾಗಿತ್ತು. ಕತ್ತಿ ಕೆಂಪಾದದ್ದು ಕಂಡು ಅಪ್ಪ, "ಅದು ನನಗೆ ಮೊದಲೇ ಗೊತ್ತಿತ್ತು" ಎನ್ನುತ್ತಲೇ ಸುಣ್ಣ ಸೇರಿಸಿದರಂತೆ.